ಒಂಟಿ ಮುಖದ ಫ್ಲೆಕ್ಸ್

ನನ್ನ ಅವ್ವ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವಾಗಲೇ ನಾನು ಅವಳ ಶ್ರದ್ಧಾಂಜಲಿ ಫ್ಲೆಕ್ಸ್ ಕಟ್ಟಿದೆನೆಂದು ಕೊಟ್ಟೂರಿನ ತುಂಬ ಹೇಳಿಕೊಂಡು ನಗುತ್ತಾರೆ. ನಗಲಿ. ಅದು ಶ್ರದ್ಧಾಂಜಲಿ ಅಲ್ಲ, ಗೇಮಿನ ಕವರ್ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಆ ದಿನ ನನ್ನ ಎದೆ ಹೇಗೆ ಹೊಡೆದುಕೊಂಡಿತು ಎಂಬುದು ಮಾತ್ರ ಈ ನಗುವವರಲ್ಲಿ ಒಬ್ಬನಿಗೂ ಗೊತ್ತಿಲ್ಲ. ಅದಕ್ಕೇ ಹೇಳುತ್ತಿದ್ದೇನೆ.

ನಾನು ಗುರುಬಸವರಾಜ. ಬಸ್ ನಿಲ್ದಾಣದ ಎದುರಿನ ಫ್ಲೆಕ್ಸ್ ಅಂಗಡಿ ನನ್ನದು. ಹುಟ್ಟುಹಬ್ಬ, ಮದುವೆ, ಗೃಹಪ್ರವೇಶ, ಸಂಘದ ಚುನಾವಣೆ, ಕೊನೆಗೆ ಪುಣ್ಯಸ್ಮರಣೆ, ಎಲ್ಲವೂ ನನ್ನ ಮೆಷಿನ್ನಿನಿಂದಲೇ ಹೊರಬರಬೇಕು. ಕೂಡ್ಲಿಗಿಯಿಂದ ಹಡಗಲಿವರೆಗೆ ಯಾವ ಕಂಬಕ್ಕೆ ಕಟ್ಟಿದ ಫ್ಲೆಕ್ಸನ್ನು ತೋರಿಸಿದರೂ ಇದು ನನ್ನ ಕೈಯದೋ ಅಲ್ಲವೋ ಎಂದು ನಿಂತಲ್ಲೇ ಹೇಳಬಲ್ಲೆ. ಸಿಟ್ಟು ಸ್ವಲ್ಪ ಜಾಸ್ತಿ, ಒಪ್ಪುತ್ತೇನೆ.

ನನ್ನ ಮಗಳು ಅರ್ಚನಾ ಮತ್ತು ಅವಳ ಜೊತೆ ಓದಿದ ಹಗರಿಬೊಮ್ಮನಹಳ್ಳಿಯ ಹುಲುಗೇಶ ಸೇರಿ ಒಂದು ಕಂಪ್ಯೂಟರ್ ಗೇಮ್ ಮಾಡಿದ್ದರು. ಓಡುವುದು, ಜಿಗಿಯುವುದು, ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಹಾರುವುದು, ಅಂಥ ಗೇಮ್. ಅದರ ನಾಯಕಿ ಯಾರು ಗೊತ್ತೆ? ನನ್ನ ಅವ್ವ ಅನ್ನದಾನಮ್ಮ! ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳವನ್ನು ಮಂಗಗಳು ಹೊತ್ತೊಯ್ಯುತ್ತವೆ, ಅಜ್ಜಿ ಸೀರೆ ಎತ್ತಿ ಕಟ್ಟಿಕೊಂಡು ಬೈಯುತ್ತಾ ಅಟ್ಟಿಸಿಕೊಂಡು ಹೋಗುತ್ತಾಳೆ. ಗೇಮಿನ ಹೆಸರೂ 'ಅನ್ನದಾನಮ್ಮ' ಎಂದೇ. ನಾನು ಒಮ್ಮೆ ಯಾರೂ ಇಲ್ಲದಾಗ ಕದ್ದು ಆಡಿದೆ. ಮೂರನೇ ಮಾಳಿಗೆ ದಾಟಲಾಗದೆ ಬಿದ್ದು ಬಿದ್ದು ಸಾಕಾಗಿ, ಮೌಸನ್ನು ಕುಕ್ಕಿ ಎದ್ದುಬಂದೆ.

ಆನ್‌ಲೈನ್ ಗೇಮ್ ಮಾರುವ ಅಂಗಡಿಯವರು ಹೊಸ ಗೇಮುಗಳಿಗೆಂದೇ ವರ್ಷಕ್ಕೊಮ್ಮೆ ಒಂದು ಹಬ್ಬ ಮಾಡುತ್ತಾರಂತೆ. ಅದರ ಸಾಲಿನಲ್ಲಿ ನಿಲ್ಲಬೇಕಾದರೆ ಕವರ್ ಚಿತ್ರವನ್ನು ಹೇಳಿದ ದಿನ ಸಂಜೆಯೊಳಗೆ ಅವರ ಸೈಟಿಗೆ ಏರಿಸಬೇಕು. ಚಿತ್ರ ಮಾಡುವವರು ಯಾರು? ಮನೆಯಲ್ಲೇ ಇಂಥ ಅಪ್ಪನಿರುವಾಗ ಬೇರೆಯವರನ್ನು ಯಾಕೆ ಹುಡುಕಬೇಕು? ನಾನೇ ಕೂತೆ.

ಫ್ಲೆಕ್ಸಿನ ಕೈ ಹೇಗೆಂದರೆ, ಖಾಲಿ ಜಾಗ ಕಂಡರೆ ತುರಿಸುತ್ತದೆ. ಅಜ್ಜಿಯನ್ನು ಹಾಕಿದೆ, ಮಂಗಗಳನ್ನು ಹಾಕಿದೆ, ಮಾಳಿಗೆ, ಬೇವಿನ ಮರ, ಹಪ್ಪಳದ ರಾಶಿ, ಹಿಂದೆ ಸೂರ್ಯ. ಕೆಳಗಡೆ ದುಂಡು ದುಂಡಾಗಿ ಶುಭ ಕೋರುವವರ ಮುಖಗಳು: ನಾನು, ನನ್ನ ಹೆಂಡತಿ, ಹುಲುಗೇಶನ ಅಪ್ಪ. ಅರ್ಚನಾ ಅದನ್ನು ಮೊಬೈಲಿನಲ್ಲಿ ಹೆಬ್ಬೆರಳ ಉಗುರಿನಷ್ಟಕ್ಕೆ ಇಳಿಸಿ ನನ್ನ ಮುಂದೆ ಹಿಡಿದಳು. ಮಂಡಕ್ಕಿ ಒಗ್ಗರಣೆ ಚೆಲ್ಲಿದಂತೆ ಕಾಣುತ್ತಿತ್ತು.

"ಅಂಗಡ್ಯಾಗ ಸಾವಿರಾರು ಗೇಮ್ ಸಾಲಾಗಿ ನಿಂತಿರ್ತಾವಪ್ಪ" ಎಂದಳು. "ನೋಡಾಂವ ಬೆರಳ ಸರಿಸಿಗೋತ ಹೊಂಟಿರ್ತಾನ. ಇಷ್ಟ ಇಷ್ಟು ಚಿತ್ರ ನೋಡಿ ಅವ ನಿಂದರಬೇಕು. ಒಂದ ಮುಖ, ಒಂದ ಹೆಸರು ಇರ್ಲಿ. ಬ್ಯಾರೆ ಮಾತು ಬರಿಯಾಕ ಆ ಅಂಗಡ್ಯಾವ್ರೂ ಬಿಡಂಗಿಲ್ಲ. ಮತ್ತ ಆ ಶುಭ ಕೋರುವವ್ರನ್ನ ತೆಗಿ ಮಾರಾಯ!"

ನನಗೆ ಉರಿಯಿತು. ಒಂದೇ ಬೇಕೇನು? ತಗೋ ಒಂದೇ ಎಂದುಕೊಂಡು ಮರುದಿನ ಎಲ್ಲವನ್ನೂ ಅಳಿಸಿ ಹೊಸದಾಗಿ ಮಾಡಿದೆ. ಕಡುನೀಲಿ ಹಿನ್ನೆಲೆ. ನಟ್ಟನಡುವೆ ಅವ್ವನ ಮುಖ, ಫೋಟೋದಿಂದಲೇ ತೆಗೆದದ್ದು, ನೇರವಾಗಿ ನಮ್ಮನ್ನೇ ನೋಡುವಂತೆ. ತಲೆಯ ಹಿಂದೆ ಒಂದು ದೊಡ್ಡ ದುಂಡನೆಯ ಹಪ್ಪಳ, ಬಂಗಾರದ ಬಣ್ಣದ್ದು, ಅಂಚಿನಲ್ಲಿ ಬೆಳಕು. ಕೆಳಗೆ 'ಅನ್ನದಾನಮ್ಮ' ಎಂಬ ಹೆಸರು. ಎಷ್ಟು ಸಣ್ಣದು ಮಾಡಿದರೂ ಮುಖ ಮುಖವೇ, ಹೆಸರು ಹೆಸರೇ. ಅರ್ಚನಾ ಅದನ್ನೂ ಉಗುರಿನಷ್ಟಕ್ಕೆ ಇಳಿಸಿ ನೋಡಿದಳು.

"ಚಲೋ ಐತಿ. ಆದ್ರ ಯಾಕೋ ಏನೋ ಒಂಥರಾ ಆಗ್ತೈತಪ್ಪ. ಏನಂತ ಗೊತ್ತಾಗವಲ್ದು."

"ಗೊತ್ತಾಗಲಿಲ್ಲಂದ್ರ ಸುಮ್ಕಿರು. ನಾಳಿ ಬಸ್ಸಿಗೆ ಹಾಕ್ತೀನಿ, ಆಮ್ಯಾಲ ಮಾತಾಡು" ಎಂದೆ.

ಬಸ್ಸಿಗೆ ಹಾಕುವುದೆಂದರೆ ನನ್ನದೇ ಒಂದು ಪದ್ಧತಿ. ಹೊಸ ಡಿಸೈನ್ ಮಾಡಿದಾಗ ಒಂದು ತುಂಡು ಪ್ರಿಂಟ್ ತೆಗೆದು ಅಂಗಡಿಯ ಎದುರಿನ ಕಂಬಕ್ಕೆ ಕಟ್ಟುತ್ತೇನೆ. ಆಮೇಲೆ ಬಸ್ಸು ಹತ್ತಿ ಊರ ಹೊರಗೆ ಇಳಿದು, ಇನ್ನೊಂದು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ವಾಪಸು ಬರುತ್ತೇನೆ. ಓಡುವ ಬಸ್ಸಿನಿಂದ ನೋಡಿದಾಗ ಕಣ್ಣು ಅದರ ಮೇಲೆ ನಿಂತರೆ ಪಾಸು. ನಿಲ್ಲದಿದ್ದರೆ ಹರಿದು ಬಿಸಾಕುತ್ತೇನೆ.

ಚಿತ್ರ ಏರಿಸಬೇಕಾದ ದಿನ ಬೆಳಿಗ್ಗೆ ಹಾಗೆಯೇ ಕಟ್ಟಿ, ಕೂಡ್ಲಿಗಿ ಬಸ್ಸು ಹತ್ತಿದೆ. ಇಳಿದಲ್ಲಿ ಚಹಾ ಕುಡಿದೆ, ಮಿರ್ಚಿ ತಿಂದೆ, ಯಾರೋ ಸಿಕ್ಕರು, ಮಾತಿಗೆ ನಿಂತೆ. ತಡವಾಯಿತು. ವಾಪಸು ಬರುವಾಗ ಬಸ್ಸು ತಿರುವಿನಲ್ಲಿದ್ದಂತೆಯೇ ಅವ್ವನ ಮುಖ ದೂರದಿಂದ ಕಣ್ಣಿಗೆ ಹೊಡೆಯಿತು. ಗೆದ್ದೆ ಎಂದುಕೊಂಡೆ. ಬಸ್ಸು ಹತ್ತಿರ ಬಂತು. ಫ್ಲೆಕ್ಸಿಗೆ ಚೆಂಡು ಹೂವಿನ ಹಾರ ಬಿದ್ದಿತ್ತು. ಕೆಳಗೆ ಊದುಬತ್ತಿ ಹೊಗೆಯಾಡುತ್ತಿತ್ತು.

ಹೂವು ಮಾರುವ ಚೌಡಕ್ಕ ಕಂಬದ ಬುಡದಲ್ಲಿ ಕೂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಾನು ಇಳಿಯುತ್ತಲೇ ಎದ್ದು ಬಂದು ಕೈ ಹಿಡಿದಳು.

"ಯಪ್ಪಾ ಗುರುಬಸಪ್ಪ, ನಿನ್ನಿ ಸಂಜೀಕಿ ದೇವ್ರಿಗಂತ ಹೂವು ತಗಂಡು ಹೋದ್ಲಲ್ಲೋ, ಮೊಳ ಸಣ್ಣದಾತು ಅಂತ ಬೈದು ಹೋದ್ಲಲ್ಲೋ! ಏನಾಗಿತ್ತು?"

ತಲೆ ಎತ್ತಿ ಫ್ಲೆಕ್ಸನ್ನು ಮತ್ತೆ ನೋಡಿದೆ. ನಮ್ಮ ಕಡೆಯ ಫ್ಲೆಕ್ಸಿನಲ್ಲಿ ಬದುಕಿದ್ದವನು ಒಬ್ಬನೇ ಇರುವುದಿಲ್ಲ. ಎಂಥ ದೊಡ್ಡ ಮನುಷ್ಯನಾಗಲಿ, ಅವನ ಸುತ್ತ ಗೆಳೆಯರು, ಬೀಗರು, ಓಣಿಯ ಹುಡುಗರು, ಹತ್ತಾರು ಮುಖಗಳು ಇರಲೇಬೇಕು. ಒಂಟಿ ಮುಖ, ತಲೆಯ ಹಿಂದೆ ಬೆಳಕು, ಕೆಳಗೆ ಬರೀ ಹೆಸರು ಎಂದರೆ ಅವರು ಹೋಗಿದ್ದಾರೆಂದೇ ಅರ್ಥ. ಅಂಥವನ್ನು ಎಷ್ಟೋ ಮಾಡಿದ ಈ ಕೈಗೆ, ಹೆತ್ತ ಅವ್ವನ ಮುಖ ಇಟ್ಟುಕೊಂಡು ಮಾಡುವಾಗ ಅದು ಹೊಳೆಯಲೇ ಇಲ್ಲ. ಥೂ ನನ್ನ!

"ಸತ್ತಿಲ್ಲ ಚೌಡಕ್ಕ, ಆಕಿ ಮನ್ಯಾಗ ರೊಟ್ಟಿ ಬಡಿಯಾಕತ್ತಾಳ!" ಎಂದು ಕೂಗಿದೆ. ಚೌಡಕ್ಕ ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿದಳು. ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಮೊಬೈಲನ್ನು ಅಂಗಡಿಯಲ್ಲೇ ಬಿಟ್ಟು ಹೋಗಿದ್ದೆ. ಹೋಗಿ ನೋಡಿದರೆ ಕರೆಗಳ ಮೇಲೆ ಕರೆ. ಯಾರೋ ಫ್ಲೆಕ್ಸಿನ ಫೋಟೋ ತೆಗೆದು 'ಓಂ ಶಾಂತಿ' ಎಂದು ಸ್ಟೇಟಸ್ಸಿಗೆ ಹಾಕಿದ್ದರು. ಅದನ್ನು ನೋಡಿದವರು ತಮ್ಮ ಸ್ಟೇಟಸ್ಸಿಗೆ ಹಾಕಿದ್ದರು. ಇಟ್ಟಿಗಿ ಊರಿನ ತವರಿಗೆ ಹೋಗಿದ್ದ ನನ್ನ ಹೆಂಡತಿ ಫೋನಿನಲ್ಲಿ, "ನಾ ಇಲ್ದಾಗ ಅತ್ತಿನ್ನ ಏನ್ ಮಾಡಿದ್ರಿ?" ಎಂದು ಅಳುತ್ತಿದ್ದಳು. ಅವಳಿಗೆ ತಿಳಿಹೇಳುವಷ್ಟರಲ್ಲಿ ಸಾಕುಸಾಕಾಯಿತು. ಆಮೇಲೆ ಹಲವಾಗಲಿನಿಂದ ಬಂದಿದ್ದ ಕರೆ ಕಣ್ಣಿಗೆ ಬಿತ್ತು. ಎದೆ ಧಸಕ್ಕೆಂದಿತು.

ಹೊಳೆಯ ದಂಡೆಯ ಹಲವಾಗಲು ಅವ್ವನ ತವರು. ಅಲ್ಲಿ ಅವಳ ಒಬ್ಬನೇ ತಮ್ಮ, ನನ್ನ ಸೋದರಮಾವ ಮೈಲಾರಲಿಂಗಪ್ಪ ಇದ್ದಾನೆ. ಇಬ್ಬರಿಗೂ ಮಾತಿಲ್ಲ. ಮಾವನ ಮಗಳ ಮದುವೆಯಲ್ಲಿ ಕಳಸ ಹಿಡಿಯಲು ಸೋದರತ್ತೆಯಾದ ಅವ್ವ ಮುಂದೆ ಬಂದಿದ್ದಳು. ಗಂಡ ಸತ್ತವಳು ಕಳಸ ಹಿಡಿಯಬಹುದೇ ಎಂದು ಯಾರೋ ಪಿಸುಗುಟ್ಟಿದರು. ಅವ್ವ ತಮ್ಮನ ಮುಖ ನೋಡಿದಳು. ಅವನು ನೆಲ ನೋಡಿದ. ಕಳಸ ಅವನ ಹೆಂಡತಿಯ ತಂಗಿಯ ಕೈಗೆ ಹೋಯಿತು. ಅವ್ವ ಉಣ್ಣದೆ ಚಪ್ಪರದಿಂದ ಹೊರಬಿದ್ದವಳು, ಎಲ್ಲರೆದುರು, "ನನ್ನ ಮಣ್ಣಿಗೂ ಬರಬ್ಯಾಡಲೇ" ಎಂದಳು. ಅವನಿಗೂ ಸಿಟ್ಟು ಬಂತು. "ಬರಂಗಿಲ್ಲ ಹೋಗು" ಎಂದುಬಿಟ್ಟ. ಅಂದಿನಿಂದ ಪಂಚಮಿಗೆ ತವರಿನ ಸೀರೆ ಬಂದಿಲ್ಲ. ಈಗ ಮಾವ ದಾವಣಗೆರೆಯಲ್ಲಿ ಎದೆಗೆ ಸ್ಟೆಂಟ್ ಹಾಕಿಸಿಕೊಂಡ ಮನುಷ್ಯ. ಅವನ ಮುಂದೆ ಯಾರೂ ಗಟ್ಟಿಯಾಗಿ ಮಾತನ್ನೂ ಆಡುವುದಿಲ್ಲ.

ಮಾವನ ಮಗ ಜಂಬುನಾಥನಿಗೆ ಫೋನ್ ಹಚ್ಚಿದೆ. ಅತ್ತೆ ಬದುಕಿದ್ದಾಳೆ, ಇದು ಗೇಮಿನ ಚಿತ್ರ ಎಂದು ಒಂದೇ ಉಸಿರಿಗೆ ಹೇಳಿದೆ. ಅವನೂ ಒಂದೇ ಉಸಿರಿಗೆ ಹೇಳಿದ.

"ಅಪ್ಪ ಸ್ಟೇಟಸ್ ನೋಡಿಬಿಟ್ಟಾನ. ಒಳಗ ಹೋಗಿ ಅಂಗಿ ಹಾಕ್ಕಂಡ. ನಾ ಗಾಡಿ ತೆಗದು ಬರಾದ್ರಾಗ ಮನುಷ್ಯ ಇಲ್ಲ. ಮೊಬೈಲ್ ಮನ್ಯಾಗ ಬಿಟ್ಟು ಹೋಗ್ಯಾನ, ಗುಳಿಗಿನೂ ಇಲ್ಲೇ ಅದಾವ. ಹೊಳಿ ದಂಡಿಗೆ ಮಂದಿ ಕಳಿಸೀನಿ. ಇದೇನ್ ಮಾಡಿದ್ಯೋ ಭಾವಾ?"

ಅಷ್ಟರಲ್ಲಿ ಬಾಗಿಲಲ್ಲಿ ಅವ್ವನ ದನಿ ಕೇಳಿತು.

"ಎಲ್ಲೈತಿ ನನ್ನ ಹೆಣ? ನಾನೂ ಒಂದೀಟು ನೋಡ್ತೀನಿ."

ಹಿಂದೆ ಅರ್ಚನಾ ಇದ್ದಳು, ಮುಖ ಸಪ್ಪಗಾಗಿತ್ತು. ಮನೆಯ ಫೋನಿಗೂ ಕರೆ ಬಂದು, ಅವ್ವನೇ ಎತ್ತಿ "ನಾನ ಮಾತಾಡಾಕತ್ತೀನಿ" ಎಂದಾಗ ಆ ಕಡೆಯವರು ಕಿರುಚಿ ಇಟ್ಟರಂತೆ. ಅವ್ವ ಅಂಗಡಿಯ ಮೆಟ್ಟಿಲ ಮೇಲೆ ನಿಂತು ರಸ್ತೆಯಾಚೆಯ ಫ್ಲೆಕ್ಸನ್ನು ದಿಟ್ಟಿಸಿದಳು.

"ಬಣ್ಣ ಬೆಳ್ಳಗ ಮಾಡೀಯಲ್ಲೋ. ಸತ್ತ ಮ್ಯಾಲಾದ್ರೂ ಚಂದ ಕಾಣ್ಲಿ ಅಂತೇನು?"

ನಾನು ಏಣಿ ಎತ್ತಿಕೊಂಡು ಹೊರಟೆ. ಅವಳು ತೋಳು ಹಿಡಿದಳು.

"ಹಲವಾಗಲಿಗೆ ಮುಟ್ಟೇತೇನು ಸುದ್ದಿ?"

ಸುಳ್ಳು ಹೇಳಲು ನೋಡಿದೆ, ಆಗಲಿಲ್ಲ. ಇದ್ದದ್ದನ್ನು ಹೇಳಿದೆ. ಹೊಳೆಯ ಮಾತು ಬಂದಾಗ ಅವಳ ಕೈ ನನ್ನ ತೋಳಿನ ಮೇಲೆ ಬಿಗಿಯಾಯಿತು. ಆದರೆ ಮುಖ ಬದಲಾಗಲಿಲ್ಲ.

"ಹೊಳಿಗೆ ಹೋಗಾಂವಲ್ಲ ಅವ. ತಗೀಬ್ಯಾಡ ಅದನ್ನ. ಅವ ನನ್ನ ಮಣ್ಣಿಗೆ ಬರ್ತಾನೋ ಇಲ್ಲೋ, ಕಣ್ಣಾರೆ ನೋಡ್ತೀನಿ."

"ತಲಿ ಕೆಟ್ಟೈತೇನವ್ವ ನಿನಗ? ಆ ಮನುಷ್ಯನ ಎದಿ ಒಡದ್ರ ಪಾಪ ಯಾರಿಗೆ?"

"ನಂದು ಒಡದು ಎಷ್ಟ್ ವರ್ಷಾತು, ಯಾರು ಕೇಳಿದ್ರು?"

ಅಂಗಡಿಯೆಲ್ಲ ಕೇಳುವಂತೆ ನಾನು ಕೂಗಾಡಿದೆ. ಕಾರು ತೆಗೆದುಕೊಂಡು ಹಲವಾಗಲಿಗೆ ಹೋಗುತ್ತೇನೆಂದೆ. ಅವನು ಬಸ್ಸಿನಲ್ಲಿ ಈ ಕಡೆ ಬರುತ್ತಿದ್ದರೆ ದಾರಿಯಲ್ಲಿ ಹೇಗೆ ಹಿಡಿಯುತ್ತೀ ಎಂದು ಕೇಳಿದಳು. ಕಾರಿನ ಕೀಲಿಯನ್ನು ಟೇಬಲ್ಲಿನ ಮೇಲೆ ಎಸೆದೆ. ಅವಳು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು, ನಿಲ್ದಾಣದ ಬಾಯಿ ಕಾಣುವಂತೆ ಕೂತಳು. ಮಣ್ಣಿಗೆಂದು ಬಂದ ಒಬ್ಬಿಬ್ಬರು ಅವಳನ್ನು ಕಂಡು ಹೌಹಾರಿದರು. "ಹೋಗ್ರಿ, ಇನ್ನೂ ತಡ ಐತಿ" ಎಂದು ಅವರನ್ನು ಕಳಿಸಿದಳು.

ಅರ್ಚನಾ ಕಂಪ್ಯೂಟರಿನ ಮುಂದೆ ತಲೆ ಹಿಡಿದುಕೊಂಡು ಕೂತಿದ್ದಳು. ಹುಲುಗೇಶ ಫೋನಿನಲ್ಲಿ, ಇದ್ದದ್ದನ್ನೇ ಏರಿಸಿಬಿಡೋಣ, ಹೊರದೇಶದವರಿಗೆ ಇದು ಶ್ರದ್ಧಾಂಜಲಿ ಎಂದು ಏನು ಗೊತ್ತಾಗಬೇಕು ಎನ್ನುತ್ತಿದ್ದ.

"ನನಗ ಗೊತ್ತಾಗ್ತೈತಲ್ಲ" ಎಂದಳು ಅವಳು. "ಇದನ್ನ ನೋಡಿದ್ರ ಇನ್ ಮ್ಯಾಲ ನನಗ ಅಜ್ಜಿ ಹೆಣಾನ ಕಾಣ್ತೈತಿ. ಮತ್ತ ಈ ಚಿತ್ರದಾಗ ಅಜ್ಜಿ ಏನ್ ಮಾಡಾಕತ್ತಾಳ ಹೇಳು? ಏನೂ ಇಲ್ಲ. ಸುಮ್ನ ನೋಡಾಕತ್ತಾಳ. ನಮ್ಮ ಗೇಮಿನಾಗ ಆಕಿ ಒಂದ ಗಳಿಗಿ ಸುಮ್ನ ನಿಂದರತಾಳೇನು?" ಫೋನ್ ಇಟ್ಟು ಹೊಸ ಹಾಳೆ ತೆರೆದಳು. ಗೀಚುವುದು, ಅಳಿಸುವುದು, ಗೀಚುವುದು. ನಿಂತ ಅಜ್ಜಿ ಬರುತ್ತಿದ್ದಳು, ಜಿಗಿಯುವ ಅಜ್ಜಿ ಬರುತ್ತಿರಲಿಲ್ಲ. ಗೇಮಿನಲ್ಲಿ ಅಜ್ಜಿಗೆ ಬೂದು ಸೀರೆ ಉಡಿಸಿದ್ದರು. ಆಕಾಶದ ಮುಂದೆ ಬೂದು ಕಾಣುತ್ತಿರಲಿಲ್ಲ.

ಹಲವಾಗಲಿನವರು ಹತ್ತಿ ಬರುವ ಹರಪನಹಳ್ಳಿಯ ಬಸ್ಸು ಬಂತು. ಅವ್ವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. ಜನ ಇಳಿದರು, ಚೀಲ ಇಳಿದವು, ಮಾವ ಇಲ್ಲ. ಇನ್ನೊಂದು ಬಂತು. ಬಿಳಿ ಪಂಚೆಯ ಒಬ್ಬ ಮುದುಕ ಇಳಿದಾಗ ಅವ್ವ ಅರ್ಧ ಎದ್ದಳು. ಅವನು ತಿರುಗಿದ, ಬೇರೆ ಯಾರೋ. ಜಂಬುನಾಥ ಮತ್ತೆ ಫೋನ್ ಮಾಡಿದ: ಹೊಳೆಯ ದಂಡೆಯಲ್ಲಿ ಇಲ್ಲ, ಹೊಲದಲ್ಲಿ ಇಲ್ಲ, ಬಸ್ಸು ಹತ್ತಿದ್ದನ್ನು ಯಾರೂ ನೋಡಿಲ್ಲ. ನಾನು ಈ ಮಾತನ್ನು ಅವ್ವನಿಗೆ ಹೇಳಲಿಲ್ಲ.

ಬಿಸಿಲು ಇಳಿಯತೊಡಗಿತು. ಮಧ್ಯಾಹ್ನ ಯಾರೂ ಉಂಡಿರಲಿಲ್ಲ. ಮತ್ತೊಂದು ಬಸ್ಸು ಬಂದು ಖಾಲಿಯಾದ ಮೇಲೆ ಅವ್ವ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಬೆಳಿಗ್ಗೆ ಬಂದಾಗ ಎಷ್ಟು ಜೋರಾಗಿದ್ದಳೋ ಈಗ ಅಷ್ಟೇ ಸಣ್ಣವಳಾಗಿ ಕಂಡಳು. ನನಗೆ ಅವಳ ಮೇಲಿದ್ದ ಸಿಟ್ಟೆಲ್ಲ ಇಳಿಯಿತು.

"ತಗದುಬಿಡು ಹೋಗಪ್ಪ" ಎಂದಳು. "ನೋಡಿದ್ವಲ್ಲ."

ಏಣಿ ತೆಗೆದುಕೊಂಡು ರಸ್ತೆ ದಾಟಿದೆ. ಹಾರ ಬಿಚ್ಚಿ ಚೌಡಕ್ಕನ ಕೈಗೆ ಕೊಟ್ಟೆ. ಮೇಲೆ ಹತ್ತಿ ಒಂದು ಬದಿಯ ಹಗ್ಗ ಕೊಯ್ದೆ. ಫ್ಲೆಕ್ಸು ಅರ್ಧ ಮಡಚಿ, ಅವ್ವನ ಮುಖ ಓರೆಯಾಗಿ ಜೋತುಬಿತ್ತು. ಇನ್ನೊಂದು ಬದಿಗೆ ಕೈ ಹಾಕುವಷ್ಟರಲ್ಲಿ ಕೆಳಗಿನಿಂದ ಯಾರೋ ಏಣಿಯನ್ನು ಹಿಡಿದು ಅಲ್ಲಾಡಿಸಿದರು.

"ಮಣ್ಣಾತೇನಲೇ? ನಾ ಬರಾದ್ರೊಳಗ ಮಣ್ಣು ಮಾಡಿದ್ರಾ?"

ಮಾವ! ಅಂಗಿಯ ಗುಂಡಿ ಒಂದಕ್ಕೊಂದು ತಪ್ಪಿದ್ದವು, ಮುಖ ಬೆವರಿನಿಂದ ತೊಯ್ದಿತ್ತು. ಕಂಕುಳಲ್ಲಿ ಹರಪನಹಳ್ಳಿಯ ಬಟ್ಟೆ ಅಂಗಡಿಯ ಚೀಲ. ನಾನು ನಿಲ್ದಾಣದ ಕಡೆ ಬೆನ್ನು ಮಾಡಿದ್ದರಿಂದ ಬಸ್ಸು ಬಂದದ್ದೂ ತಿಳಿದಿರಲಿಲ್ಲ.

"ಇಲ್ಲ ಮಾಮ, ಕೇಳಿಲ್ಲಿ..."

"ಏನ್ ಕೇಳ್ಲಿ? ಆಕಿ ಬರಬ್ಯಾಡಂದ್ಲು, ಸಿಟ್ಟಿನಾಗ ಅಂದ್ಲು. ನಿಮಗ ಬುದ್ಧಿ ಬ್ಯಾಡೇನು? ತವರ ಸೀರಿ ಬರೂತನ ತಡಿಯಬೇಕಂತ ಗೊತ್ತಿಲ್ಲೇನು? ಒಬ್ಬಾಕಿ ಅಕ್ಕ, ಮುಖ ನೋಡಾಕ ಬಿಡಲಿಲ್ಲಲ್ಲೋ ನೀವು!"

ಏಣಿ ಗಡಗಡ ನಡುಗುತ್ತಿತ್ತು. ಅವನ ಒಂದು ಕೈ ಎದೆಯ ಮೇಲೆ ಹೋಯಿತು. ನಾನು ಇಳಿಯಲು ಒಂದು ಕಾಲು ಕೆಳಗಿಟ್ಟೆ. ಆಗ ರಸ್ತೆಯಾಚೆಯಿಂದ ಬಂತು ಆ ದನಿ:

"ಲೇ ಮೈಲಾರಿ!"

ಅವ್ವ ಬರುತ್ತಿದ್ದಳು. ಎಡಗೈಯಲ್ಲಿ ಸೀರೆಯ ನಿರಿಗೆ ಮುಷ್ಟಿ ಹಿಡಿದು ಮೊಣಕಾಲತನಕ ಎತ್ತಿದ್ದಳು, ಬಲಗೈ ಮೇಲೆತ್ತಿದ್ದಳು, ಬಾಯಿ ತೆರೆದಿತ್ತು. ಬಲಗಡೆಯಿಂದ ಬಂದ ಲಾರಿಯೊಂದು ಕಿರ್ರನೆ ಬ್ರೇಕ್ ಹಾಕಿತು. ಅವಳು ಅದರ ಕಡೆ ನೋಡಲೂ ಇಲ್ಲ. ಈಚೆ ಬದಿಯ ಚರಂಡಿ ಅವಳಿಗೆ ಅಡ್ಡಬಂತು. ಹಾರಿದಳು! ಎಪ್ಪತ್ತು ದಾಟಿದ ನನ್ನ ಅವ್ವ ಆ ಚರಂಡಿಯ ಮೇಲೆ ಎರಡೂ ಕಾಲು ಬಿಟ್ಟು ಗಾಳಿಯಲ್ಲಿದ್ದಳು. ಏಣಿಯ ಮೇಲಿಂದ ನನಗೆ ಬೇರೇನೂ ಕಾಣಲಿಲ್ಲ, ಲಾರಿ ಕಾಣಲಿಲ್ಲ, ಜನ ಕಾಣಲಿಲ್ಲ, ಅವಳೊಬ್ಬಳೇ ಕಂಡಳು.

ಮಾವ ತಿರುಗಿದ. ಅವ್ವ ಅವನ ಮುಂದೆ ಬಂದು ನಿಂತು, ಏದುಸಿರು ಬಿಡುತ್ತಾ, ಅವನ ಕಂಕುಳ ಚೀಲ ನೋಡಿದಳು.

"ಪಂಚಮಿಗೊಂದು ಸೀರಿ ತರಲಿಲ್ಲ. ಹೆಣಕ್ಕ ತಂದಿಯೇನಲೇ?"

ಮಾವ ಕಂಬಕ್ಕೆ ಬೆನ್ನು ಕೊಟ್ಟು ಕುಸಿದು ಕೂತ. ಚೀಲ ಜಾರಿ, ಸೀರೆ ಹೊರಗೆ ಬಿತ್ತು. ಹಸಿರು ಸೀರೆ, ಕೆಂಪು ಅಂಚು. ಗಂಡ ಸತ್ತ ಹೆಂಗಸಿಗೆ ಯಾರೂ ತರದ ಸೀರೆ. ಅವ್ವ ಅದನ್ನು ನೋಡಿದಳು, ಬಾಯಿ ಮುಚ್ಚಿದಳು.

ಇಬ್ಬರನ್ನೂ ಹೇಗೋ ಅಂಗಡಿಗೆ ತಂದು ಕೂರಿಸಿದೆ. ಮಾವನಿಗೆ ನೀರು ಕೊಟ್ಟೆ, ಪಕ್ಕದ ಔಷಧಿ ಅಂಗಡಿಯಿಂದ ಗುಳಿಗೆ ತಂದು ನುಂಗಿಸಿದೆ, ಜಂಬುನಾಥನಿಗೆ ಫೋನ್ ಮಾಡಿದೆ. ಅವನು ಆ ಕಡೆ ಅಳುತ್ತಲೇ ನನಗೆ ಬೈದ, ಬೈಸಿಕೊಂಡೆ. ಉಸಿರು ತಹಬಂದಿಗೆ ಬಂದ ಮೇಲೆ ಮಾವನಿಗೆ ವಿಷಯ ಅರ್ಥವಾಯಿತು. ಆಗ ಹತ್ತಿತು ನೋಡಿ ಅವನಿಗೆ ಸಿಟ್ಟು.

"ಅಂದ್ರ ಬದುಕಿದ್ದು ಸುಮ್ನ ಕುಂತಿದ್ಲೇನು? ಬರ್ತಾನೋ ಇಲ್ಲೋ ಅಂತ ತೂಕ ಹಾಕಾಕತ್ತಿದ್ಲೇನು? ನನ್ನ ಎದಿ ಜೊತಿ ಆಟ ಆಡಿದ್ರಿ ಎಲ್ರೂ. ಮುಂದಿನ ಬಸ್ಸಿಗೆ ಹೊಕ್ಕೀನಿ. ಇನ್ ಮ್ಯಾಲ ಖರೇನ ಸತ್ರೂ ಬರಂಗಿಲ್ಲ."

ಅವ್ವ ಒಂದು ಮೂಲೆಯಲ್ಲಿ, ಅವನು ಇನ್ನೊಂದು ಮೂಲೆಯಲ್ಲಿ. ನಡುವೆ ಟೇಬಲ್ಲಿನ ಮೇಲೆ ಆ ಹಸಿರು ಸೀರೆ. ಇಬ್ಬರೂ ಅದನ್ನು ಮುಟ್ಟಲಿಲ್ಲ. "ಮಾಮ, ಊಟ ಮಾಡಿ ಹೋಗು" ಎಂದೆ. "ನಿನ್ನ ಊಟ ನೀನ ಉಣ್ಣು" ಎಂದ. ಬಂದನಲ್ಲ ಎಂದು ಹಿಗ್ಗುವಷ್ಟರಲ್ಲೇ ಮತ್ತೆ ಹೊರಟುಹೋಗುತ್ತಾನಲ್ಲ ಎಂದು ನನಗೆ ಅಳುವೇ ಬಂತು.

ಅರ್ಚನಾಗೆ ಇ‍ದ್ಯಾವುದೂ ಕೇಳಿಸುತ್ತಿರಲಿಲ್ಲ. ಏರಿಸುವ ಹೊತ್ತು ಮೀರುತ್ತಿತ್ತು. ನನ್ನನ್ನು ಪಕ್ಕಕ್ಕೆ ಎಳೆದು, "ಅಪ್ಪ, ಅಜ್ಜಿ ಹಾರಿದಾಗ ನನಗ ಬರೀ ಬೆನ್ನು ಕಾಣ್ತು. ನಿನಗ ಮುಂದಿಂದ ಹೆಂಗ ಕಂಡ್ಲು? ಲಗೂನ ಹೇಳು" ಎಂದು ಪಿಸುಗುಟ್ಟಿದಳು.

ಹೇಳಿದೆ. ಮುಷ್ಟಿ ಇಲ್ಲಿ, ಕೈ ಅಲ್ಲಿ, ಬಾಯಿ ಇಷ್ಟು ದೊಡ್ಡದು, ಕಾಲು ಎರಡೂ ನೆಲ ಬಿಟ್ಟು. ಅವಳು ಗೀಚಿದಳು, ನಾನು ತಿದ್ದಿದೆ. ಕೆಳಗೆ ಮಾಳಿಗೆಯ ಒಂದು ಅಂಚು ಸಾಕೆಂದೆ, ಮಂಗವೂ ಬೇಡವೆಂದೆ. ನಾನೇ ಬೇಡವೆಂದೆ, ನಂಬಿ! ಹಿಂದೆ ಸಂಜೆಯ ಹಳದಿ ಆಕಾಶ ಇಟ್ಟಳು. ಬೂದು ಸೀರೆ ಅದರಲ್ಲಿ ಮತ್ತೆ ಕರಗಿತು. ಅವಳು ತಲೆ ಎತ್ತಿ ಅತ್ತಿತ್ತ ನೋಡಿದಳು, ಟೇಬಲ್ಲಿನ ಮೇಲಿನ ಸೀರೆ ಕಣ್ಣಿಗೆ ಬಿತ್ತು. ಆ ಹಸಿರನ್ನೇ ಅಜ್ಜಿಗೆ ಬಳಿದುಬಿಟ್ಟಳು. ಅಂಚಿಗೆ ಕೆಂಪು. ಹೆಸರು ಬರೆದು, ಚಿತ್ರವನ್ನು ಮೊಬೈಲಿಗೆ ಸಣ್ಣದು ಮಾಡಿ ಇಳಿಸಿಕೊಂಡಳು.

ಹೊರಗೆ ಹರಪನಹಳ್ಳಿ ಬಸ್ಸಿನ ಕಂಡಕ್ಟರ್ ಕೂಗತೊಡಗಿದ್ದ. ಮಾವ ಎದ್ದು ಬಾಗಿಲಿಗೆ ಬಂದ. ಅರ್ಚನಾ ಅವನ ದಾರಿಗೆ ಅಡ್ಡ ನಿಂತು ಮೊಬೈಲ್ ಹಿಡಿದಳು. ಅವಳಿಗೆ ಯಾರಾದರೊಬ್ಬರು ನೋಡಿ ಹೇಳಬೇಕಿತ್ತು, ಅಷ್ಟೇ.

"ಅಜ್ಜಾ, ಒಂದ ಸಲ ನೋಡಿ ಹೋಗು. ಇದ್ರಾಗ ಏನ್ ಕಾಣ್ತೈತಿ?"

ಮಾವನಿಗೆ ಕನ್ನಡಕ ಇರಲಿಲ್ಲ, ಅದನ್ನೂ ಮನೆಯಲ್ಲೇ ಬಿಟ್ಟು ಬಂದಿದ್ದ. ಬೇಡವೆಂದು ಕೈ ಎತ್ತಿದವನ ಕಣ್ಣು ಆ ಉಗುರಿನಷ್ಟು ಚಿತ್ರದ ಮೇಲೆ ಬಿತ್ತು. ಬಿದ್ದದ್ದು ಅಲ್ಲೇ ನಿಂತಿತು. ಎತ್ತಿದ ಕೈ ಕೆಳಗಿಳಿಯಿತು.

"ನಮ್ಮಕ್ಕ" ಎಂದ. "ನಮ್ಮಕ್ಕ ಹಸಿರು ಸೀರಿ ಉಟ್ಕಂಡು ನನಗ ಬೈಯಾಕ ಬರಾಕತ್ತಾಳ."

ಅವ್ವ ಮೂಲೆಯಿಂದ ಎದ್ದು ಬಂದಳು. ಮೊಬೈಲಿನ ಕಡೆ ಅವಳು ನೋಡಲಿಲ್ಲ, ತಮ್ಮನನ್ನೇ ನೋಡಿದಳು.

"ಹಸಿರು ಯಾಕ ತಂದೀ?"

"ಅವತ್ತು ಕಳಸ ನಿನ್ನ ಕೈಯಾಗ ಕೊಡಬೇಕಿತ್ತು" ಎಂದ ಮಾವ. "ಮಂದಿಗೆ ಹೆದರಿದೆ. ಇವತ್ತು ಅಂಗಡ್ಯಾಂವ ಕೇಳ್ದ, ಮುತ್ತೈದಿ ಏನ್ರಿ ಅಂತ. ನಮ್ಮಕ್ಕ ಅಂದೆ. ಮತ್ತೇನೂ ಹೇಳಲಿಲ್ಲ."

ಅವ್ವ ಟೇಬಲ್ಲಿನ ಮೇಲಿದ್ದ ಸೀರೆ ಎತ್ತಿಕೊಂಡಳು. ಹೆಣಕ್ಕೆ ತಂದದ್ದನ್ನು ಬದುಕಿದ್ದವರು ಉಡಬಾರದವ್ವ ಎಂದು ನಾನು ಬಾಯಿ ತೆರೆದೆ. ಅವಳು ಒಂದು ನೋಟ ನೋಡಿದಳು, ಮುಚ್ಚಿದೆ. ಮಡಿಕೆ ಬಿಚ್ಚಿ, ಉಟ್ಟ ಸೀರೆಯ ಮೇಲೆಯೇ ಹೆಗಲ ತುಂಬ ಹೊದ್ದುಕೊಂಡಳು. ಅರ್ಚನಾ ಬಟನ್ ಒತ್ತಿ ಚಿತ್ರ ಏರಿಸಿದಳು, ಅದನ್ನು ಯಾರೂ ಗಮನಿಸಲಿಲ್ಲ.

"ನಡಿ, ರೊಟ್ಟಿ ತಣ್ಣಗಾಗ್ಯಾವ" ಎಂದಳು ಅವ್ವ ತಮ್ಮನಿಗೆ. "ಬೈಯೂದು ಇನ್ನೂ ಬಾಕಿ ಐತಿ, ಉಣ್ಣುವಾಗ ಬೈತೀನಿ."

ಹರಪನಹಳ್ಳಿ ಬಸ್ಸು ಹಾರ್ನ್ ಹೊಡೆದು ಹೊರಟಿತು. ಮಾವ ಆ ಕಡೆ ತಿರುಗಲಿಲ್ಲ. ಅಕ್ಕನ ಹಿಂದೆ ಹಿಂದೆ ಮನೆಯ ದಾರಿ ಹಿಡಿದ.